ಹೆಸರು ಹೇಳಿದವರು ಯಾರು? ಪೂರ್ವಕವಿ ಸ್ಮರಣೆಯಿಂದ ಪೇಜ್‌ರ್ಯಾಂಕ್‌ವರೆಗೆ

ಕಂಪ್ಯೂಟರ್ ವಿಜ್ಞಾನ ನನ್ನ ಓದಿನ ವಿಷಯ ಅಲ್ಲ, ಕನ್ನಡ ಸಾಹಿತ್ಯ ಓದ್ತಾ ಇದ್ದೀನಿ. ಆದರೂ ಈ ವಿಷಯ ಆರಿಸಿಕೊಂಡದ್ದಕ್ಕೆ ಒಂದು ಘಟನೆ ಕಾರಣ. ಅಲ್ಲಿಂದಲೇ ಶುರು ಮಾಡ್ತೀನಿ.

2021ರ ಜೂನ್ 3. ಭಾರತದ ಅತಿ ಕುರೂಪ ಭಾಷೆ ಯಾವುದು ಅಂತ ಇಂಗ್ಲಿಷಿನಲ್ಲಿ ಗೂಗಲ್‌ಗೆ ಕೇಳಿದರೆ, ಫಲಿತಾಂಶದ ಮೇಲ್ತುದಿಯಲ್ಲಿ, ಚೌಕಟ್ಟು ಹಾಕಿದ ಹಾಗೆ, ‘ಕನ್ನಡ’ ಅಂತ ಉತ್ತರ ಬರ್ತಿತ್ತು. ಅವತ್ತು ಎದ್ದ ಸಿಟ್ಟು ನಿಮಗೆಲ್ಲ ನೆನಪಿರಬೇಕು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿಯವರು ಕಾನೂನು ಕ್ರಮದ ಮಾತಾಡಿದರು. ಗೂಗಲ್ ಆ ಉತ್ತರವನ್ನು ತೆಗೆದುಹಾಕಿ ಕ್ಷಮೆ ಕೇಳಿತು, ಅದು ತನ್ನ ಅಭಿಪ್ರಾಯ ಅಲ್ಲ ಎಂದು ಹೇಳಿತು.

ಸರಿ, ಗೂಗಲ್‌ನ ಅಭಿಪ್ರಾಯ ಅಲ್ಲ. ಹಾಗಾದರೆ ಯಾರದ್ದು? ಭಾಷಾಶಾಸ್ತ್ರಕ್ಕೆ ಏನೇನೂ ಸಂಬಂಧ ಇಲ್ಲದ ಯಾವುದೋ ತಾಣದಲ್ಲಿದ್ದ ಒಂದು ಸಾಲು ಅದು. ಅದಕ್ಕೆ ಪ್ರಮಾಣದ ಪೀಠ ಹೇಗೆ ಸಿಕ್ಕಿತು? ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದಾಗ ನಾನು ಬಂದು ನಿಂತದ್ದು ನಮ್ಮದೇ ಪಠ್ಯಗಳ ಮುಂದೆ. ‘ಕವಿರಾಜಮಾರ್ಗ’, ಪೊನ್ನ, ರನ್ನ, ‘ಕವಿಚರಿತೆ’.

1. ಜರಡಿ ಮತ್ತು ಮಾತು

ಮೊದಲು ಹುಡುಕಾಟದ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ನನಗೆ ತಿಳಿದ ಮಟ್ಟಿಗೆ ಹೇಳ್ತೀನಿ. ನಮ್ಮ ಬೋಡಿನಾಯಕನೂರು ಏಲಕ್ಕಿ ವ್ಯಾಪಾರದ ಊರು. ಪಕ್ಕದ ಇಡುಕ್ಕಿ ಬೆಟ್ಟಗಳಿಂದ ಇಳಿದು ಬರುವ ಏಲಕ್ಕಿಯನ್ನು ಇಲ್ಲಿ ಜರಡಿ ಹಿಡಿದು ವಿಂಗಡಿಸ್ತಾರೆ. 8 ಮಿ.ಮೀ. ಕಾಯಿ ಬೇರೆ, 7 ಮಿ.ಮೀ. ಬೇರೆ, ಅದಕ್ಕಿಂತ ಸಣ್ಣದು ಬೇರೆ. ಬಣ್ಣ ನೋಡ್ತಾರೆ, ಒಡೆದ ಕಾಯಿ ತೆಗೀತಾರೆ. ಅಂದರೆ ಕಾಯಿಯ ಯೋಗ್ಯತೆಯನ್ನು ಕಾಯಿಯಲ್ಲೇ ಹುಡುಕುವ ಕ್ರಮ ಇದು.

1990ರ ದಶಕದ ನಡುವಿನ ಹುಡುಕುತಾಣಗಳು ಹೆಚ್ಚುಕಡಿಮೆ ಹೀಗೇ ಇದ್ದವು. 1995ರಲ್ಲಿ ಬಂದ ಆಲ್ಟಾವಿಸ್ಟಾದಂಥವು ಮುಖ್ಯವಾಗಿ ಪುಟದೊಳಗಿನ ಪದಗಳನ್ನು ನೋಡ್ತಿದ್ದವು. ನೀವು ಕೇಳಿದ ಪದ ಪುಟದಲ್ಲಿ ಎಷ್ಟು ಸಲ ಇದೆ, ಶೀರ್ಷಿಕೆಯಲ್ಲಿ ಇದೆಯಾ, ಇಂಥವು. ಮೋಸ ಮಾಡೋದು ಸುಲಭವಾಗಿತ್ತು. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಪದವನ್ನು ನೂರು ಸಲ ಬರೆದಿಟ್ಟರೆ ಓದುವವರ ಕಣ್ಣಿಗೆ ಬೀಳಲ್ಲ, ಯಂತ್ರಕ್ಕೆ ಮಾತ್ರ ಕಾಣುತ್ತೆ. ಏಲಕ್ಕಿಗೆ ಬಣ್ಣ ಹಾಕಿದ ಹಾಗೆ.

1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧನ ವಿದ್ಯಾರ್ಥಿಗಳು, ಸೆರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್, ಬೇರೊಂದು ದಾರಿಯನ್ನು ಮಂಡಿಸಿದರು. ಪುಟ ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತದೆ ಅನ್ನೋದರ ಜೊತೆಗೆ, ಬೇರೆ ಪುಟಗಳು ಅದರ ಕಡೆ ಕೈ ತೋರಿಸ್ತಿವೆಯಾ ಅಂತಲೂ ನೋಡಬೇಕು ಎಂಬುದು ಅವರ ಪ್ರಸ್ತಾವ. ಒಂದು ಪುಟದಿಂದ ಇನ್ನೊಂದಕ್ಕೆ ಇರುವ ಕೊಂಡಿಯನ್ನು ಅವರು ಒಂದು ಶಿಫಾರಸು ಅಂತ ಓದಿದರು. ಈ ಲೆಕ್ಕಕ್ಕೆ ಪೇಜ್‌ರ್ಯಾಂಕ್ ಅಂತ ಹೆಸರು.

ಇಲ್ಲಿ ಎರಡು ಸೂಕ್ಷ್ಮ ಇದೆ. ಒಂದು, ಎಲ್ಲ ಶಿಫಾರಸಿಗೂ ಒಂದೇ ಬೆಲೆ ಇಲ್ಲ. ತೂಕ ಇರುವ ಪುಟ ಹೇಳಿದರೆ ಆ ಮಾತಿಗೂ ತೂಕ. ಎರಡು, ಎಲ್ಲರನ್ನೂ ಹೊಗಳುವವರ ಹೊಗಳಿಕೆಗೆ ಬೆಲೆ ಕಮ್ಮಿ. 10ರಷ್ಟು ತೂಕ ಇರುವ ಪುಟ ಇಬ್ಬರ ಕಡೆಗೆ ಕೈ ತೋರಿಸಿದರೆ ಒಬ್ಬೊಬ್ಬರಿಗೆ 5 ಸಿಗುತ್ತೆ, ನೂರು ಜನರ ಕಡೆಗೆ ತೋರಿಸಿದರೆ ತಲಾ 0.1 ಮಾತ್ರ. ಆದರೆ ಆ ಪುಟದ 10ರ ತೂಕ ಎಲ್ಲಿಂದ ಬಂತು? ಅದರ ಕಡೆ ಕೈ ತೋರಿಸಿದವರಿಂದ. ಅವರ ತೂಕ? ಇನ್ಯಾರಿಂದಲೋ. ಇದು ಸುತ್ತಿ ಸುತ್ತಿ ಅಲ್ಲಿಗೇ ಬರುವ ಪ್ರಶ್ನೆ. ಹಾಗಾಗಿ ಮೊದಲು ಎಲ್ಲರಿಗೂ ಸಮನಾದ ತೂಕ ಕೊಟ್ಟು, ಹಂಚಿ, ಮತ್ತೆ ಹಂಚಿ, ಅಂಕಿಗಳು ಅಲುಗಾಡದೆ ನಿಲ್ಲುವವರೆಗೆ ಲೆಕ್ಕ ಮಾಡ್ತಾರೆ.

ಇದನ್ನೇ ಅವರು ಒಬ್ಬ ಅಲೆಮಾರಿ ಓದುಗನ ಚಿತ್ರದಲ್ಲಿ ವಿವರಿಸಿದರು. ಅವನು ಕೊಂಡಿಯಿಂದ ಕೊಂಡಿಗೆ ಹೋಗ್ತಾ ಇರ್ತಾನೆ. ಆಗಾಗ ಬೇಜಾರಾಗಿ ಎಲ್ಲ ಬಿಟ್ಟು ಇನ್ಯಾವುದೋ ಪುಟಕ್ಕೆ ಹಾರ್ತಾನೆ. ಕೊಂಡಿ ಹಿಡಿದು ಹೋಗುವ ಸಂಭವವನ್ನು ಸಾಮಾನ್ಯವಾಗಿ 0.85 ಅಂತ ಇಟ್ಟುಕೊಳ್ತಾರೆ, ಉಳಿದ 0.15 ಹಾರಾಟಕ್ಕೆ. ಹೀಗೆ ಅಲೆಯುವವನು ಯಾವ ಪುಟದಲ್ಲಿ ಹೆಚ್ಚು ಹೊತ್ತು ಸಿಗ್ತಾನೋ ಅದರ ಸ್ಥಾನ ಮೇಲೆ. ಆ ಪ್ರಬಂಧ ಬರೆಯುವಾಗ ಅವರ ಸಂಗ್ರಹದಲ್ಲಿದ್ದದ್ದು ಸುಮಾರು 2 ಕೋಟಿ 40 ಲಕ್ಷ ಪುಟ. ಇವತ್ತು ಗೂಗಲ್ ಇನ್ನೂ ಎಷ್ಟೋ ಸೂಚಕಗಳನ್ನು ಸೇರಿಸಿಕೊಂಡಿದೆ. ಆದರೂ ಯಾರು ಯಾರ ಹೆಸರು ಹೇಳಿದರು ಅನ್ನೋ ಪ್ರಶ್ನೆಯನ್ನು ಅದು ಕೈಬಿಟ್ಟಿಲ್ಲ.

2. ಉಲ್ಲೇಖ ಎಣಿಸುವ ಹಳೆಯ ಚಾಳಿ

ಈ ವಿಚಾರ 1998ರಲ್ಲಿ ಆಕಾಶದಿಂದ ಉದುರಿದ್ದಲ್ಲ. ಅಮೆರಿಕದ ಇಲಿನಾಯ್‌ನಲ್ಲಿ ಫ್ರಾಂಕ್ ಶೆಪರ್ಡ್ ಎಂಬುವರು 1873ರಲ್ಲೇ ಒಂದು ಕೋರ್ಟ್ ತೀರ್ಪನ್ನು ಮುಂದಿನ ಯಾವ ಯಾವ ತೀರ್ಪುಗಳು ಉಲ್ಲೇಖಿಸಿವೆ ಅಂತ ಪಟ್ಟಿ ಮಾಡಲು ತೊಡಗಿದ್ದರು. ವಕೀಲರಿಗೆ ಅದು ಬೇಕಾಗಿತ್ತು, ಹಳೆಯ ತೀರ್ಪು ಇನ್ನೂ ಜೀವಂತ ಇದೆಯೋ ಇಲ್ಲವೋ ತಿಳಿಯೋದಕ್ಕೆ. ಅದೇ ಕ್ರಮವನ್ನು ವಿಜ್ಞಾನಕ್ಕೂ ತರಬೇಕು ಅಂತ ಯುಜೀನ್ ಗಾರ್‌ಫೀಲ್ಡ್ 1955ರಲ್ಲಿ ಬರೆದರು. 1976ರಲ್ಲಿ ಪಿನ್ಸ್ಕಿ ಮತ್ತು ನಾರಿನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತೂಕದ ಪತ್ರಿಕೆ ಉಲ್ಲೇಖಿಸಿದರೆ ಆ ಉಲ್ಲೇಖಕ್ಕೂ ಹೆಚ್ಚು ತೂಕ ಕೊಡಬೇಕು ಎಂದರು. ಬ್ರಿನ್ ಮತ್ತು ಪೇಜ್ ಕೂಡ ತಮ್ಮ ಲೆಕ್ಕವನ್ನು ವಿದ್ವತ್ ಲೋಕದ ಉಲ್ಲೇಖಗಳಿಗೇ ಹೋಲಿಸಿದ್ದಾರೆ.

ಕನ್ನಡ ಓದುವ ನಮಗೆ ಇದು ಹೊಸದಾಗಿ ಕಾಣಲ್ಲ, ಅಲ್ವಾ? ನಮ್ಮ ಸಾಹಿತ್ಯಚರಿತ್ರೆ ನಿಂತಿರುವುದೇ ಇಂಥ ಲೆಕ್ಕದ ಮೇಲೆ.

‘ಕವಿರಾಜಮಾರ್ಗ’ ನೋಡಿ. ಕಾಲ ಸುಮಾರು ಕ್ರಿ.ಶ. 850. ಅದರಲ್ಲಿ ಗದ್ಯ ಬರೆದವರು ಅಂತ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರ ಹೆಸರು ಬರುತ್ತೆ. ಪದ್ಯಕ್ಕೆ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲರ ಹೆಸರು. ಆ ನಾಲ್ವರು ಗದ್ಯಕಾರರ ಒಂದು ಕನ್ನಡ ಕೃತಿಯೂ ನಮ್ಮ ಕೈಗೆ ಸಿಕ್ಕಿಲ್ಲ. ಇಂದಿನ ಭಾಷೆಯಲ್ಲಿ ಹೇಳೋದಾದರೆ ಕೊಂಡಿ ಉಳಿದಿದೆ, ಪುಟ ಇಲ್ಲ. ಆದರೂ ಪಂಪನಿಗಿಂತ ಮೊದಲೇ ಕನ್ನಡದಲ್ಲಿ ಗದ್ಯ ಇತ್ತು ಅಂತ ನಾವು ಧೈರ್ಯವಾಗಿ ಹೇಳೋದು ಆ ಒಂದು ಕೊಂಡಿಯ ಬಲದಿಂದ. ಹೇಳಿದ ಗ್ರಂಥಕ್ಕೆ ತೂಕ ಇದೆ, ಹಾಗಾಗಿ ಹೇಳಿಸಿಕೊಂಡವರಿಗೂ ತೂಕ. ಕೆ.ಬಿ. ಪಾಠಕರು ‘ಕವಿರಾಜಮಾರ್ಗ’ವನ್ನು ಅಚ್ಚು ಹಾಕಿಸಿದ್ದು 1898ರಲ್ಲಿ. ಪೇಜ್‌ರ್ಯಾಂಕ್ ಪ್ರಬಂಧಕ್ಕೆ ಸರಿಯಾಗಿ ನೂರು ವರ್ಷ ಮೊದಲು. ಇದು ಕಾಕತಾಳೀಯ ಅಷ್ಟೆ, ಆದರೂ ನನಗೆ ಇಷ್ಟವಾದ ಕಾಕತಾಳೀಯ.

ಅಸಗನ ಕತೆ ಇನ್ನೂ ಸ್ವಾರಸ್ಯ. 9ನೇ ಶತಮಾನದವನು. ಅವನ ಸಂಸ್ಕೃತ ‘ವರ್ಧಮಾನ ಚರಿತ’ ಉಳಿದಿದೆ, ಕನ್ನಡ ಕಾವ್ಯ ಉಳಿದಿಲ್ಲ. ಹಾಗಿದ್ದೂ ಕನ್ನಡ ಕವಿಯಾಗಿ ಅವನು ನಮಗೆ ಹೇಗೆ ಗೊತ್ತು? ಹೇಳಿದವರಲ್ಲಿ ಪೊನ್ನ ಒಬ್ಬ. ಕನ್ನಡ ಕಾವ್ಯದಲ್ಲಿ ತಾನು ಅಸಗನಿಗಿಂತ ನೂರು ಪಾಲು ಮೇಲು ಅಂತ ಪೊನ್ನ ಜಂಬ ಕೊಚ್ಚಿಕೊಂಡ. ಕೆಳಗೆ ತಳ್ಳೋದಕ್ಕೆ ಅಂತ ಎತ್ತಿದ ಹೆಸರು ಸಾವಿರ ವರ್ಷ ಉಳಿಯಿತು. ಹೊಗಳಿಕೆಯೋ ತೆಗಳಿಕೆಯೋ, ಕೊಂಡಿ ಕೊಂಡಿಯೇ. ಪೇಜ್‌ರ್ಯಾಂಕ್‌ನ ಮೂಲ ಲೆಕ್ಕಕ್ಕೂ ಇವೆರಡರ ವ್ಯತ್ಯಾಸ ಗೊತ್ತಿಲ್ಲ. 2010ರಲ್ಲಿ ಅಮೆರಿಕದ ಒಬ್ಬ ಕನ್ನಡಕದ ವ್ಯಾಪಾರಿ, ಗಿರಾಕಿಗಳು ಬೈದು ಬರೆದಷ್ಟೂ ತನ್ನ ಅಂಗಡಿ ಗೂಗಲ್‌ನಲ್ಲಿ ಮೇಲೆ ಬರುತ್ತೆ ಅಂತ ಪತ್ರಿಕೆಗೇ ಹೇಳಿಕೊಂಡಿದ್ದ. ಅದಾದ ಮೇಲೆ ಗೂಗಲ್ ತನ್ನ ಲೆಕ್ಕವನ್ನು ತಿದ್ದಿಕೊಳ್ಳಬೇಕಾಯಿತು.

ರನ್ನ ಇನ್ನೂ ಜಾಣ. 993ರ ‘ಅಜಿತಪುರಾಣ’ದಲ್ಲಿ ಪಂಪ, ಪೊನ್ನರ ಜೊತೆಗೆ ತನ್ನನ್ನೂ ಸೇರಿಸಿ ರತ್ನತ್ರಯ ಅಂತ ಕರೆದುಕೊಂಡ. ಹೆಸರಾದ ಇಬ್ಬರ ಪಕ್ಕದಲ್ಲಿ ತನ್ನ ಪೀಠ ತಾನೇ ಹಾಕಿಕೊಂಡ ಹಾಗೆ. ಆದರೆ ಮುಂದಿನವರು ಆ ಮಾತನ್ನು ಒಪ್ಪಿಕೊಂಡರು, ಇವತ್ತಿನ ಪಠ್ಯಪುಸ್ತಕದವರೆಗೂ ಒಪ್ಪುತ್ತಲೇ ಬಂದಿದ್ದಾರೆ. ಬರೀ ಜಂಬವಾಗಿದ್ದರೆ ಹೀಗೆ ನಿಲ್ಲುತ್ತಿರಲಿಲ್ಲ, ಕಾವ್ಯಕ್ಕೆ ಆ ಶಕ್ತಿ ಇತ್ತು.

1907ರಲ್ಲಿ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ ಬಂತು. ಆರ್. ನರಸಿಂಹಾಚಾರ್ಯರು ಕವಿಗಳ ಕಾಲ ಕಟ್ಟುವಾಗ ಬಳಸಿದ ಮುಖ್ಯ ಸಾಧನಗಳಲ್ಲಿ ಇದೂ ಒಂದು. ಈ ಕವಿ ಆ ಕವಿಯನ್ನು ನೆನೆದಿದ್ದಾನೆ, ಆದ್ದರಿಂದ ಆತ ಇವನಿಗಿಂತ ಹಿಂದಿನವನು. ಇಲ್ಲೊಂದು ವ್ಯತ್ಯಾಸವನ್ನೂ ಗಮನಿಸಬೇಕು. ಓಲೆಗರಿಯ ಉಲ್ಲೇಖ ಹಿಂದಕ್ಕೆ ಮಾತ್ರ ಹೋಗುತ್ತೆ, ಮುಂದೆ ಹುಟ್ಟುವವರ ಹೆಸರು ಹೇಳಲು ಆಗಲ್ಲ. ಜಾಲದ ಕೊಂಡಿಗೆ ಆ ಕಟ್ಟು ಇಲ್ಲ. ಹಳೆಯ ಪುಟಕ್ಕೆ ಇವತ್ತು ಹೊಸ ಕೊಂಡಿ ಹಾಕಬಹುದು, ನಾಳೆ ತೆಗೆಯಬಹುದು. ಹಾಗಾಗಿ ಅದನ್ನು ಮಾರಲೂಬಹುದು, ಕೊಳ್ಳಲೂಬಹುದು.

3. ಯಾರೂ ಹೆಸರು ಹೇಳದಿದ್ದರೆ?

ಹಾಗಾದರೆ ಉಲ್ಲೇಖ ಇಲ್ಲದ್ದಕ್ಕೆ ಬೆಲೆ ಇಲ್ಲವೇ? ಹಲ್ಮಿಡಿ ಶಾಸನವನ್ನು ನೆನಪು ಮಾಡಿಕೊಳ್ಳಿ. ಸುಮಾರು ಕ್ರಿ.ಶ. 450ರ ಕಲ್ಲು. ‘ಕವಿರಾಜಮಾರ್ಗ’ ಅದರ ಹೆಸರೆತ್ತಲ್ಲ, ಯಾವ ಕವಿಯೂ ಎತ್ತಲ್ಲ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಅದನ್ನು ಲೋಕಕ್ಕೆ ತಿಳಿಸುವ ತನಕ ಅದಕ್ಕೆ ಬಂದ ಕೊಂಡಿ ಸೊನ್ನೆ. 1935ರಲ್ಲಿ ಪೇಜ್‌ರ್ಯಾಂಕ್ ಹಾಕಿದ್ದರೆ ಹಲ್ಮಿಡಿ ಪಟ್ಟಿಯ ತಳದಲ್ಲಿರ್ತಿತ್ತು, ಅಲ್ಲ, ಪಟ್ಟಿಯಲ್ಲೇ ಇರ್ತಿರಲಿಲ್ಲ. ವಚನಗಳೂ ಹಾಗೇ. ಫ.ಗು. ಹಳಕಟ್ಟಿಯವರು ಮನೆಮನೆಯ ಓಲೆಗರಿ ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿದ ಮೇಲಷ್ಟೇ ಅವು ಆಧುನಿಕ ಓದಿನ ನಡುಮನೆಗೆ ಬಂದವು. ಬೆಲೆ ಮೊದಲಿಂದಲೂ ಇತ್ತು. ಕೈ ತೋರಿಸುವವರು ಬೇಕಿತ್ತು.

ಅಂದರೆ ಸ್ಥಾನಪಟ್ಟಿ ಹೇಳೋದು ಯೋಗ್ಯತೆಯನ್ನಲ್ಲ. ಈಗಾಗಲೇ ಹೆಸರಾದವರು ಯಾರ ಹೆಸರು ಹೇಳಿದ್ದಾರೆ ಅನ್ನೋದನ್ನ. ಎಷ್ಟೋ ಕಡೆ ಇವೆರಡೂ ಒಂದೇ ಆಗಿರುತ್ತೆ, ಅದಕ್ಕೇ ಈ ಯಂತ್ರ ಗೆದ್ದದ್ದು. ಎಲ್ಲ ಕಡೆ ಒಂದೇ ಅಲ್ಲ.

2021ರ ಘಟನೆಯನ್ನು ಈಗ ಮತ್ತೆ ನೋಡೋಣ. ಕುರೂಪ ಭಾಷೆ ಯಾವುದು ಅಂತ ತಿಳಿದವರು ಯಾರೂ ಬರೆಯಲ್ಲ, ಯಾಕೆಂದರೆ ಪ್ರಶ್ನೆಯೇ ಅರ್ಥಹೀನ. ತಿಳಿದವರು ಯಾರೂ ಮಾತಾಡದ ಕಡೆ ಮಾತಾಡಿದ ಒಬ್ಬನೇ ಪಂಡಿತ. ಆ ಪದಗಳನ್ನೇ ಸಾಲಾಗಿ ಹೊಂದಿದ್ದ ಒಂದು ಬಡಪುಟ ಸ್ಪರ್ಧೆ ಇಲ್ಲದೆ ಮೇಲೆ ಬಂತು ಅಂತ ನಾನು ಓದಿಕೊಳ್ತೀನಿ. ಇಂಥ ಖಾಲಿ ಜಾಗಗಳಿಗೆ 2018ರಲ್ಲಿ ಗೊಲೆಬಿಯೆವ್‌ಸ್ಕಿ ಮತ್ತು ಬಾಯ್ಡ್ ಎಂಬ ಸಂಶೋಧಕರು ‘ಡೇಟಾ ವಾಯ್ಡ್’ ಅಂತ ಹೆಸರಿಟ್ಟರು. ಮಾಹಿತಿಯ ಬಯಲು ಅನ್ನಬಹುದು. ಬಯಲಲ್ಲಿ ಯಾರು ಮೊದಲು ಗುಡಿಸಲು ಹಾಕ್ತಾರೋ ಅವರದೇ ಊರು.

ಕನ್ನಡದಲ್ಲಿ ಈ ಬಯಲು ದೊಡ್ಡದಾಗೋದಕ್ಕೆ ನಮ್ಮದೇ ಒಂದು ಚರಿತ್ರೆಯೂ ಕಾರಣ. ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಜಾಲಪತ್ರಿಕೆ 1996ರಲ್ಲೇ ಬಂತು, ಗೂಗಲ್‌ಗಿಂತ ಮೊದಲು. ಆದರೆ ಮುಂದೆ ಎಷ್ಟೋ ವರ್ಷ ನಾವು ಜಾಲದಲ್ಲಿ ಹಾಕಿದ ಕನ್ನಡ ಬೇರೆ ಬೇರೆ ಫಾಂಟುಗಳಿಗೆ ಅಂಟಿಕೊಂಡಿತ್ತು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಕಲಸುಮೇಲೋಗರ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗ ಇತ್ತು, ಬಳಕೆಗೆ ಬರಲು ತಡವಾಯಿತು. ಆ ಕಾಲದ ಎಷ್ಟೋ ಒಳ್ಳೆಯ ಬರಹ ಹುಡುಕಿದರೆ ಸಿಗಲ್ಲ. ಸಿಗದ್ದಕ್ಕೆ ಯಾರೂ ಕೊಂಡಿ ಹಾಕಲ್ಲ, ಕೊಂಡಿ ಇಲ್ಲದ್ದು ಇನ್ನೂ ಸಿಗಲ್ಲ.

4. ನಮ್ಮ ಕಣಿವೆಯ ಕನ್ನಡ

ಕೊನೆಯ ಭಾಗ. ಇಲ್ಲಿ ನನ್ನ ಊರಿನ ಮಾತು ಹೇಳದೆ ವಿಧಿ ಇಲ್ಲ.

ಬೋಡಿ, ತೇನಿ, ಕಂಬಂ ಕಣಿವೆ, ದಿಂಡಿಗಲ್ ಕಡೆ ಕನ್ನಡ ಮನೆಮಾತಾಗಿರುವ ಜನ ತಲೆಮಾರುಗಳಿಂದ ಇದ್ದಾರೆ. ಬೇಸಾಯದ ಕಪ್ಪಿಲಿಯರು, ಅನುಪ್ಪರು, ನೇಯ್ಗೆಯ ದೇವಾಂಗರಲ್ಲಿ ಕನ್ನಡದ ಮನೆಗಳವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಬರೆಯೋದು ತಮಿಳಲ್ಲಿ. ಕನ್ನಡ ಲಿಪಿ ನನಗೂ ತಡವಾಗಿ ಬಂದದ್ದು. ನಮ್ಮ ಅಜ್ಜಿಗೆ ಇವತ್ತಿಗೂ ಬರಲ್ಲ, ಅವರ ಕನ್ನಡಕ್ಕೆ ಅಕ್ಷರ ಬೇಕಾಗಿಯೇ ಇರಲಿಲ್ಲ.

ಈ ಜನರ ಬಗ್ಗೆ ಜಾಲದಲ್ಲಿ ಹುಡುಕಿದಾಗೆಲ್ಲ ನನಗೆ ಎದುರಾಗೋದು ಹೆಚ್ಚಾಗಿ ಒಂದೇ ಮೂಲ. ಎಡ್ಗರ್ ಥರ್ಸ್ಟನ್ ಅವರು ಕೆ. ರಂಗಾಚಾರಿಯವರ ನೆರವಿನಿಂದ 1909ರಲ್ಲಿ ಹೊರತಂದ, ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಏಳು ಸಂಪುಟ. ಅಲ್ಲಿ ಕಪ್ಪಿಲಿಯರಿಗೊಂದು ನಮೂದು, ಅನುಪ್ಪರಿಗೊಂದು ನಮೂದು. ಇಂಗ್ಲಿಷಿನಲ್ಲಿದೆ, ಹಕ್ಕುಸ್ವಾಮ್ಯ ಮುಗಿದಿದೆ, ಎಲ್ಲೆಂದರಲ್ಲಿ ಪ್ರತಿ ಇದೆ. ಹಾಗಾಗಿ ಎಲ್ಲರೂ ಅದನ್ನೇ ಉದ್ಧರಿಸ್ತಾರೆ, ಉದ್ಧರಿಸಿದವರನ್ನು ಇನ್ನೊಬ್ಬರು ಉದ್ಧರಿಸ್ತಾರೆ. 1999ರಲ್ಲಿ ಬರಾಬಾಶಿ ಮತ್ತು ಆಲ್ಬರ್ಟ್ ಜಾಲಗಳ ಬೆಳವಣಿಗೆಯ ಬಗ್ಗೆ ತೋರಿಸಿದ್ದೂ ಇದೇ. ಹೆಚ್ಚು ಕೊಂಡಿ ಇರುವಲ್ಲಿಗೇ ಹೊಸ ಕೊಂಡಿ ಹೆಚ್ಚು ಬರುತ್ತೆ. ಉಳ್ಳವರ ಮನೆಗೇ ಉಡುಗೊರೆ.

ಥರ್ಸ್ಟನ್ ಬರೆದದ್ದೆಲ್ಲ ಸುಳ್ಳು ಅಂತ ನಾನು ಹೇಳ್ತಾ ಇಲ್ಲ. ಅವರಿಲ್ಲದಿದ್ದರೆ ಅಷ್ಟೂ ಇರ್ತಿರಲಿಲ್ಲ. ಆದರೆ ಅದು ಆಳುವವರ ಕಡೆಯಿಂದ, ಜಾತಿಯ ಖಾನೆ ತುಂಬೋದಕ್ಕೆ ಬರೆದದ್ದು. ಅಲ್ಲಿ ನಮ್ಮ ಮಾತಿದೆ ಅನ್ನೋ ಸುದ್ದಿ ಇದೆ, ನಮ್ಮ ಮಾತು ಇಲ್ಲ. ‘ಕವಿರಾಜಮಾರ್ಗ’ದ ವಿಮಳೋದಯನ ಹಾಗೆ ನಾವೂ ಕೊಂಡಿಯಲ್ಲಿ ಇದ್ದೀವಿ, ಪುಟದಲ್ಲಿ ಇಲ್ಲ. ಒಂದು ವ್ಯತ್ಯಾಸ ಇದೆ. ವಿಮಳೋದಯ ಈಗ ಬಂದು ಬರೆಯಲಾರ. ನಮ್ಮ ಅಜ್ಜಿ ಇನ್ನೂ ಮಾತಾಡ್ತಾ ಇದ್ದಾರೆ.

ಆದ್ದರಿಂದ ನನ್ನ ಮಂಡನೆ ಇಷ್ಟೆ. ಸ್ಥಾನಪಟ್ಟಿಯ ಮೇಲೆ ಸಿಟ್ಟಾಗೋದು ಅರ್ಧ ಕೆಲಸ. ಗೂಗಲ್ ಒಂದು ಉತ್ತರ ಅಳಿಸಿದರೆ ಆ ಜಾಗ ಮತ್ತೆ ಬಯಲೇ. ತೇನಿಯ ಕನ್ನಡ, ಕಾಸರಗೋಡಿನ ಕನ್ನಡ, ಹೊಸೂರಿನ ಕನ್ನಡ, ಇವುಗಳ ಪದ, ಹಾಡು, ಒಗಟುಗಳನ್ನು ಯುನಿಕೋಡ್‌ನಲ್ಲಿ, ಊರು, ಕಾಲ, ಹೇಳಿದವರ ಒಪ್ಪಿಗೆ ಸಮೇತ ದಾಖಲಿಸಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ, ಹೆಸರು ಹೇಳಿ ಬರೆಯಬೇಕು. ನಮ್ಮಲ್ಲಿ ಬೇರೆಯವರ ಲೇಖನದಿಂದ ವಿಷಯ ತಗೊಂಡು ಹೆಸರು ಬಿಡುವ ಅಭ್ಯಾಸ ಇದೆ. ಪೊನ್ನ ಜಂಬದಲ್ಲೂ ಅಸಗನ ಹೆಸರು ಬಿಡಲಿಲ್ಲ.

ಪ್ರಶ್ನೋತ್ತರ

ಅಧ್ಯಕ್ಷರು: ಚೆನ್ನಾಗಿತ್ತಮ್ಮ. ಆದರೆ ಪೂರ್ವಕವಿ ಸ್ಮರಣೆ ಅಂದರೆ ಗೌರವ. ಅದನ್ನು ಯಂತ್ರದ ಎಣಿಕೆಗೆ ಹೋಲಿಸಿದರೆ ಸಣ್ಣದು ಮಾಡಿದ ಹಾಗೆ ಆಗೋದಿಲ್ಲವೇ?

ಉತ್ತರ: ಆಗಬಹುದು ಸರ್, ಒಪ್ತೀನಿ. ಕವಿ ಓದಿ ಹೆಸರು ಹೇಳ್ತಾನೆ. ಪೇಜ್‌ರ್ಯಾಂಕ್ ಓದಲ್ಲ, ಎಣಿಸುತ್ತೆ. ಆದರೆ ಆ ಎಣಿಕೆಗೆ ಅರ್ಥ ಬರೋದು ಯಾರೋ ಓದಿ ಕೊಂಡಿ ಹಾಕಿರ್ತಾರೆ ಅನ್ನೋ ನಂಬಿಕೆಯಿಂದಲೇ. ಓದದೆ ಹಾಕಿದ ಕೊಂಡಿಗಳು ಜಾಸ್ತಿಯಾದ ಕಡೆ ಎಣಿಕೆಯೂ ಕೆಟ್ಟಿತು. ಗೌರವ ಮೊದಲು, ಲೆಕ್ಕ ಆಮೇಲೆ, ಅಂತ ನನ್ನ ಅನಿಸಿಕೆ.

ಒಬ್ಬ ಸಂಶೋಧನ ವಿದ್ಯಾರ್ಥಿ: ಹಾಗಾದರೆ ನಾವೆಲ್ಲ ಒಬ್ಬರಿಗೊಬ್ಬರು ಕೊಂಡಿ ಹಾಕಿಕೊಂಡರೆ ಕನ್ನಡ ಪುಟಗಳೆಲ್ಲ ಮೇಲೆ ಬರಲ್ವಾ ಮೇಡಂ? ‘ಪೇಜ್ ಅಥಾರಿಟಿ’ ಹೆಚ್ಚಿಸಿ ಕೊಡ್ತೀವಿ ಅಂತ ಜಾಹೀರಾತೂ ಬರುತ್ತಲ್ಲ.

ಉತ್ತರ: ಬರಲ್ಲ ಅಣ್ಣ. ಬರೀ ಮೇಲೇರೋದಕ್ಕೆ ಕಟ್ಟಿದ ಕೊಂಡಿಯ ತೋಟಗಳನ್ನು ಹಿಡಿಯೋದಕ್ಕೇ ಗೂಗಲ್ 2012ರಲ್ಲಿ ‘ಪೆಂಗ್ವಿನ್’ ಅನ್ನೋ ಬದಲಾವಣೆ ತಂತು. ಇನ್ನು ‘ಪೇಜ್ ಅಥಾರಿಟಿ’, ‘ಡೊಮೈನ್ ಅಥಾರಿಟಿ’ ಅಂತ 100ಕ್ಕೆ ಅಂಕ ಕೊಡೋದು ಮಾಜ್ ಅನ್ನೋ ಬೇರೆ ಸಂಸ್ಥೆಯ ಅಂದಾಜು, ಗೂಗಲ್‌ನದ್ದಲ್ಲ. ಗೂಗಲ್ ಸಾರ್ವಜನಿಕರಿಗೆ ತೋರಿಸ್ತಿದ್ದ 0ಯಿಂದ 10ರ ಪೇಜ್‌ರ್ಯಾಂಕ್ ಅಂಕವನ್ನು 2016ರಲ್ಲೇ ನಿಲ್ಲಿಸಿತು. ದುಡ್ಡು ಕೊಟ್ಟು ಅಂಕ ಕೊಳ್ಳುವ ಬದಲು, ಓದಿದ್ದಕ್ಕೆ ಮಾತ್ರ ಕೊಂಡಿ ಹಾಕೋಣ. ನಿಧಾನ ಆಗುತ್ತೆ. ನಮ್ಮ ಅಜ್ಜಿ ಹೇಳಿದ ಒಗಟುಗಳನ್ನು ನಾನು ಬರೆದಿಡ್ತಾ ಇದ್ದೀನಿ, ಮುಗಿದ ಮೇಲೆ ಕಳಿಸ್ತೀನಿ. ನೀವು ಓದಿ, ತಪ್ಪಿದ್ದರೆ ತಪ್ಪು ಅಂತಲೇ ಬರೆಯಿರಿ. ಆದರೆ ಎಲ್ಲಿಂದ ತಗೊಂಡಿದ್ದು ಅಂತ ಹೆಸರು ಹೇಳಿ ಬರೆಯಿರಿ.